ಅರ್ಧ ಶಕ್ತಿ ಸಾಕು: ಬೆಳಿಗ್ಗೆಯಿಂದ ರಾತ್ರಿಯವರೆಗೆ ಯೋಗ, ಆಯುರ್ವೇದದ ದಿನಚರಿ

ಯೋಗ ಶುರು ಮಾಡಿ ಹದಿನೈದು ದಿನಕ್ಕೆ ಬಿಟ್ಟವರು ಎಷ್ಟು ಜನ ಇದ್ದೀರಿ? ಮೊದಲ ದಿನ ಹುರುಪಿನಲ್ಲಿ 24 ಸೂರ್ಯ ನಮಸ್ಕಾರ. ಮರುದಿನ ಮೆಟ್ಟಿಲು ಇಳಿಯೋಕೂ ಆಗದಷ್ಟು ತೊಡೆ ನೋವು. ಮೂರನೇ ದಿನ ಅಲಾರಂ ಬಡಿದರೆ ಮಗ್ಗುಲು ಬದಲಿಸಿ ಮಲಗುವುದು. ನಾನೂ ಹೀಗೆ ಎರಡು ಸಲ ಬಿಟ್ಟವಳು. ಮೂರನೇ ಸಲ ಅಭ್ಯಾಸ ಉಳಿಯಿತು. ಉಳಿಸಿದ್ದು ಒಂದೇ ಮಾತು: ಅರ್ಧ ಶಕ್ತಿ.

ಇದು ನಾನು ಕಟ್ಟಿದ ಮಾತಲ್ಲ. ವಾಗ್ಭಟರ ಅಷ್ಟಾಂಗ ಹೃದಯ ಅನ್ನುವ ಹಳೆಯ ಆಯುರ್ವೇದ ಗ್ರಂಥದಲ್ಲಿ ದಿನಚರಿಗೆ ಅಂತಲೇ ಒಂದು ಅಧ್ಯಾಯವಿದೆ. ಗಟ್ಟಿಮುಟ್ಟಾಗಿರುವವರು, ತುಪ್ಪ ಎಣ್ಣೆ ಸೇರಿದ ಊಟ ಮಾಡುವವರು ಕೂಡ ಅರ್ಧ ಶಕ್ತಿಯಲ್ಲೇ ವ್ಯಾಯಾಮ ಮಾಡಬೇಕು ಅಂತ ಅಲ್ಲಿ ಹೇಳಿದೆ. ಅದೂ ಚಳಿಗಾಲ ಮತ್ತು ವಸಂತದಲ್ಲಿ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ.

ಅರ್ಧ ಆಯಿತು ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ಇನ್ನೊಂದು ಹಳೆಯ ಆಯುರ್ವೇದ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಒಂದು ಗುರುತು ಇದೆ. ಎದೆಯಲ್ಲಿರುವ ಉಸಿರು ಬಾಯಿಗೆ ಬಂದರೆ ಅರ್ಧ ಶಕ್ತಿ ಮುಗಿಯಿತು ಅಂತ. ಅಂದರೆ ಮೂಗಿನಲ್ಲಿ ಉಸಿರು ಸಾಲದೆ ಬಾಯಿ ತೆರೆಯಬೇಕಾಯಿತಾ? ಅಲ್ಲಿಗೆ ನಿಲ್ಲಿಸಿ. ವಾಚ್ ಬೇಡ, ಆ್ಯಪ್ ಬೇಡ. ಬಾಯಿ ಮುಚ್ಚಿಕೊಂಡೇ ಮಾಡಲು ಆಗುವಷ್ಟು ಮಾಡಿ, ಅಷ್ಟೇ. ಮುಂದೆ ಬರುವ ಊಟಕ್ಕೂ, ಪ್ರಾಣಾಯಾಮಕ್ಕೂ, ಎಣ್ಣೆ ಸ್ನಾನಕ್ಕೂ ಇದೇ ಅಳತೆ.

ಶುರು ಮಾಡುವ ಮುಂಚೆ

ಬಿ.ಪಿ., ಹೃದಯದ ತೊಂದರೆ, ಗ್ಲಾಕೋಮಾ (ಕಣ್ಣಿನ ನರಕ್ಕೆ ಪೆಟ್ಟು ಕೊಡುವ ಕಾಯಿಲೆ), ಬೆನ್ನುಮೂಳೆಯ ಡಿಸ್ಕ್ ಸಮಸ್ಯೆ, ಇತ್ತೀಚೆಗೆ ಆದ ಆಪರೇಷನ್, ಬಸುರಿ ಅಥವಾ ಬಾಣಂತಿತನ. ಇದರಲ್ಲಿ ಯಾವುದಾದರೂ ಇದ್ದರೆ ಮೊದಲು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಆಸನವನ್ನು ಒಬ್ಬ ಶಿಕ್ಷಕರ ಎದುರು ನಿಂತು ಕಲಿಯಿರಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಈ ದಿನಚರಿ ನಂಬಿ ಬಿಡಬೇಡಿ.

ಇನ್ನೊಂದು ಮಾತು. ಇಲ್ಲಿ ಬರೆದಿದ್ದನ್ನೆಲ್ಲ ನಾಳೆಯೇ ಶುರು ಮಾಡಬೇಡಿ. ವಾರಕ್ಕೊಂದು ಸೇರಿಸಿ. ನಾಲಿಗೆ ಕೆರೆಯುವುದು ಒಂದು ವಾರ, ಆಮೇಲೆ ಆಸನ, ಆಮೇಲೆ ಉಸಿರು. ಒಂದು ಮೈಗೆ ಒಗ್ಗಿದ ಮೇಲೆ ಇನ್ನೊಂದು.

ಏಳುವುದು

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹೀಗೆ. ಒಂದು ಮುಹೂರ್ತ ಅಂದರೆ 48 ನಿಮಿಷ. ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮುಂಚೆ ಇದು ಶುರುವಾಗಿ, 48 ನಿಮಿಷ ಮುಂಚೆ ಮುಗಿಯುತ್ತದೆ. 6:15ಕ್ಕೆ ಸೂರ್ಯೋದಯ ಆದರೆ 4:39ರಿಂದ 5:27ರವರೆಗೆ.

ಆದರೆ ಹನ್ನೆರಡು ಗಂಟೆಗೆ ಮಲಗಿ ಐದಕ್ಕೆ ಎದ್ದರೆ ಅದು ದಿನಚರಿಯಲ್ಲ, ಮೈಗೆ ಕೊಡುವ ಶಿಕ್ಷೆ. ಮೊದಲು ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ. ವಾರಕ್ಕೆ 15 ನಿಮಿಷದಂತೆ ಬೇಗ ಮಲಗಿದರೆ ಏಳುವುದು ತಾನಾಗಿಯೇ ಸರಿಯಾಗುತ್ತದೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರು ಗಡಿಯಾರದ ಹಿಂದೆ ಬೀಳಬೇಡಿ. ನಿದ್ದೆ ಪೂರ್ತಿ ಮಾಡಿ, ಎದ್ದ ಮೇಲೆ ಇದೇ ಕ್ರಮ ಹಿಡಿಯಿರಿ.

ಕಣ್ಣು ಬಿಟ್ಟ ಕೂಡಲೇ ಫೋನ್ ಮುಟ್ಟದೆ ಒಂದು ನಿಮಿಷ ಕೂತುಕೊಳ್ಳಿ. ರಾತ್ರಿ ಊಟ ಅರಗಿದೆಯಾ ಅಂತ ಗಮನಿಸಿ. ಹೊಟ್ಟೆ ಹಗುರವಾಗಿದೆಯಾ, ಹುಳಿತೇಗು ಬರುತ್ತಿದೆಯಾ? ಹೊಟ್ಟೆ ಭಾರ ಇದ್ದರೆ ಇವತ್ತು ಎಣ್ಣೆ ಸ್ನಾನ ಬೇಡ, ಆಸನವೂ ಕಡಿಮೆ, ತಿಂಡಿಯೂ ತಡ. ಇಡೀ ದಿನದ ತೀರ್ಮಾನ ಈ ಒಂದು ನಿಮಿಷದಲ್ಲಿ ಆಗುತ್ತದೆ.

ಬಾಯಿ ಮತ್ತು ನಾಲಿಗೆ

ಹಲ್ಲು ಉಜ್ಜಿದ ಮೇಲೆ ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡಿ. ಬಿಳಿ ಲೇಪ ದಪ್ಪಗೆ ಕಾಣುತ್ತಿದ್ದರೆ ಹಿಂದಿನ ದಿನ ತಿಂದದ್ದು ನೆನಪು ಮಾಡಿಕೊಳ್ಳಿ. ಬಾಗಿದ ತಾಮ್ರ ಅಥವಾ ಸ್ಟೀಲ್ ಪಟ್ಟಿಯ ಎರಡು ತುದಿ ಹಿಡಿದುಕೊಂಡು, ನಾಲಿಗೆಯ ಹಿಂಭಾಗದಿಂದ ತುದಿಯವರೆಗೆ ಎಳೆಯಿರಿ. ಐದಾರು ಸಲ ಸಾಕು, ಪ್ರತಿ ಸಲ ಪಟ್ಟಿ ತೊಳೆಯಿರಿ. ಓಕರಿಕೆ ಬಂದರೆ ತೀರಾ ಹಿಂದೆ ಹೋಗಿದ್ದೀರಿ ಅಂತ ಅರ್ಥ. ನಾಲಿಗೆ ಉರಿದರೆ ಜಾಸ್ತಿ ಒತ್ತಿದ್ದೀರಿ. ಒತ್ತುವುದು ಬೇಕಾಗಿಲ್ಲ, ಪಟ್ಟಿಯ ಭಾರವೇ ಸಾಕು.

ಎಣ್ಣೆ ಮುಕ್ಕಳಿಸುವುದು ಬೇಕಿದ್ದರೆ ಮಾಡಿ. ಇದರಲ್ಲಿ ಎರಡು ಬಗೆ. ಬಾಯಿ ತುಂಬ ಎಣ್ಣೆ ತುಂಬಿ ಅಲುಗಾಡಿಸದೆ ಇಟ್ಟುಕೊಂಡರೆ ಗಂಡೂಷ. ಸ್ವಲ್ಪ ಎಣ್ಣೆ ಹಾಕಿ ಅತ್ತಿತ್ತ ಆಡಿಸಿದರೆ ಕವಲ. ಹೊಸಬರಿಗೆ ಕವಲವೇ ಸುಲಭ. ಒಂದು ದೊಡ್ಡ ಚಮಚ ಎಳ್ಳೆಣ್ಣೆ, ಐದು ನಿಮಿಷ. ಉಗಿಯುವುದು ಕಸದ ಬುಟ್ಟಿಗೆ, ಸಿಂಕಿಗೆ ಉಗಿದರೆ ಪೈಪ್ ಕಟ್ಟಿಕೊಳ್ಳುತ್ತದೆ. ಆ ಎಣ್ಣೆಯನ್ನು ನುಂಗಬೇಡಿ. ಚಿಕ್ಕ ಮಕ್ಕಳಿಗೆ ಇದು ಬೇಡವೇ ಬೇಡ. ಹಲ್ಲು ಹುಳುಕಾಗಿದ್ದರೆ ಎಣ್ಣೆ ಮುಕ್ಕಳಿಸಿ ಕಾಯಬೇಡಿ, ದಂತವೈದ್ಯರ ಹತ್ತಿರ ಹೋಗಿ.

ಆಮೇಲೆ ಒಂದು ಲೋಟ ಬೆಚ್ಚಗಿನ ನೀರು, ಕೂತು, ಗುಟುಕು ಗುಟುಕಾಗಿ. ಒಂದೇ ಸಲಕ್ಕೆ ಒಂದು ಲೀಟರ್ ಕುಡಿಯುವ ಹಟ ಬೇಡ. ಅರ್ಧ ಶಕ್ತಿ ನೀರಿಗೂ ಅನ್ವಯ.

ಆಸನ: 25 ನಿಮಿಷ

ಹೊಟ್ಟೆ ಖಾಲಿ ಇರಬೇಕು. ಊಟವಾಗಿ ಕನಿಷ್ಠ ಮೂರು ನಾಲ್ಕು ಗಂಟೆ ಆಗಿರಬೇಕು. ಜಾರದ ಚಾಪೆ, ಸಡಿಲ ಬಟ್ಟೆ, ಒಂದು ದಿಂಬು, ಹತ್ತಿರದಲ್ಲಿ ಒಂದು ಗೋಡೆ ಇದ್ದರೆ ಆಯಿತು. ಗೋಡೆ, ದಿಂಬು ಅಂದರೆ ಕೈಲಾಗದವರಿಗೆ ಅಂತ ಅಂದುಕೊಳ್ಳಬೇಡಿ. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಹಗ್ಗ, ಕುರ್ಚಿ, ಮರದ ಇಟ್ಟಿಗೆ, ದಿಂಬು ಇಟ್ಟುಕೊಂಡೇ ಜಗತ್ತಿಗೆ ಯೋಗ ಕಲಿಸಿದರು. ಅವರ ಗುರು ಟಿ. ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಪಾಠ ಮಾಡಿದವರು. ಇಂದು ಹೊರದೇಶದಲ್ಲಿ ಕಾಣುವ ಎಷ್ಟೋ ಯೋಗದ ಬೇರು ಆ ಒಂದು ಶಾಲೆಯಲ್ಲಿದೆ.

ಮೊದಲ ಐದು ನಿಮಿಷ ಕೀಲು ಬಿಡಿಸಿ. ಕಾಲ್ಬೆರಳಿಂದ ಶುರು. ಪಾದ ಹಿಂದೆ ಮುಂದೆ, ಮಣಿಕಟ್ಟು ಸುತ್ತ, ಭುಜ ಸುತ್ತ, ಕತ್ತು ಎಡಕ್ಕೆ ಬಲಕ್ಕೆ. ಕತ್ತನ್ನು ಪೂರ್ತಿ ಚಕ್ರದ ಹಾಗೆ ಗಿರ್ರನೆ ತಿರುಗಿಸಬೇಡಿ. ಆಮೇಲೆ ಅಂಬೆಗಾಲು ಇಟ್ಟು ಮಾರ್ಜಾಲಾಸನ. ಉಸಿರು ತೆಗೆದುಕೊಳ್ಳುತ್ತಾ ಬೆನ್ನು ಕೆಳಗೆ, ತಲೆ ಮೇಲೆ. ಉಸಿರು ಬಿಡುತ್ತಾ ಬೆನ್ನು ಗೂನು, ಗಲ್ಲ ಎದೆಗೆ. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರು ಬೇರೆ ಏನೂ ಮಾಡದಿದ್ದರೂ ಇದನ್ನು ಹತ್ತು ಸಲ ಮಾಡಿ.

ಈಗ ಸೂರ್ಯ ನಮಸ್ಕಾರ. ಬೇರೆ ಬೇರೆ ಪರಂಪರೆಯಲ್ಲಿ ಸ್ವಲ್ಪ ಬೇರೆ ಬೇರೆ ಕ್ರಮ ಇದೆ. ಇದು ಹೆಚ್ಚು ಬಳಕೆಯಲ್ಲಿರುವ 12 ಹೆಜ್ಜೆಯ ಕ್ರಮ.

1. ಪಾದ ಜೋಡಿಸಿ ನಿಂತು ಎದೆ ಮುಂದೆ ಕೈ ಮುಗಿಯಿರಿ. ಉಸಿರು ಹೊರಗೆ.
2. ಉಸಿರು ತೆಗೆದುಕೊಳ್ಳುತ್ತಾ ಕೈ ಮೇಲೆತ್ತಿ. ಬೆನ್ನು ಹಿಂದಕ್ಕೆ ಮುರಿಯುವುದಲ್ಲ, ಮೇಲಕ್ಕೆ ಎಳೆಯುವುದು.
3. ಉಸಿರು ಬಿಡುತ್ತಾ ಸೊಂಟದಿಂದ ಬಗ್ಗಿ. ಕೈ ನೆಲಕ್ಕೆ ತಾಗಲಿಲ್ಲವಾ, ಮೊಣಕಾಲು ಮಡಚಿ. ಬೇಕಿದ್ದರೆ ಎರಡು ದಪ್ಪ ಪುಸ್ತಕದ ಮೇಲೆ ಕೈ ಇಡಿ.
4. ಉಸಿರು ಒಳಗೆ, ಬಲಗಾಲು ಹಿಂದೆ, ಮೊಣಕಾಲು ನೆಲಕ್ಕೆ, ಎದೆ ಮುಂದೆ.
5. ಉಸಿರು ಹೊರಗೆ, ಎಡಗಾಲೂ ಹಿಂದೆ, ಸೊಂಟ ಮೇಲೆ. ಇದು ಪರ್ವತಾಸನ.
6. ಮೊಣಕಾಲು, ಎದೆ, ಗಲ್ಲ ನೆಲಕ್ಕೆ. ಪಾದ ಎರಡು, ಮೊಣಕಾಲು ಎರಡು, ಅಂಗೈ ಎರಡು, ಎದೆ, ಗಲ್ಲ ಸೇರಿ ಎಂಟು ಅಂಗ. ಅದಕ್ಕೇ ಅಷ್ಟಾಂಗ ನಮಸ್ಕಾರ. ಉಸಿರು ಅರೆಕ್ಷಣ ಹೊರಗೇ ಇರಲಿ.
7. ಉಸಿರು ಒಳಗೆ, ಎದೆ ಮೇಲೆತ್ತಿ ಭುಜಂಗಾಸನ. ಮೊಣಕೈ ಸ್ವಲ್ಪ ಮಡಚಿರಲಿ, ಭುಜ ಕಿವಿಯಿಂದ ದೂರ ಇರಲಿ.
8. ಉಸಿರು ಹೊರಗೆ, ಮತ್ತೆ ಪರ್ವತಾಸನ.
9. ಉಸಿರು ಒಳಗೆ, ಬಲಗಾಲು ಎರಡು ಕೈ ನಡುವೆ ಮುಂದಕ್ಕೆ.
10. ಉಸಿರು ಹೊರಗೆ, ಎಡಗಾಲೂ ಮುಂದೆ, ಬಗ್ಗಿದ ಭಂಗಿ.
11. ಉಸಿರು ಒಳಗೆ, ಎದ್ದು ಕೈ ಮೇಲೆ.
12. ಉಸಿರು ಹೊರಗೆ, ಕೈ ಮುಗಿದು ನಿಲ್ಲಿ.

ಇದನ್ನೇ ಎಡಗಾಲಿನಿಂದ ಇನ್ನೊಂದು ಸಲ ಮಾಡಿದರೆ ಒಂದು ಪೂರ್ತಿ ಸುತ್ತು. ಮೊದಲ ವಾರ ಎರಡು ಸುತ್ತು. ಎರಡನೇ ವಾರ ಮೂರು. ಆರಕ್ಕೆ ಬಂದು ನಿಂತರೂ ಏನೂ ನಷ್ಟ ಇಲ್ಲ.

ಹೊಸಬರು ಎಡವುವುದು ನಾಲ್ಕನೇ ಹೆಜ್ಜೆಯಲ್ಲಿ. ಕಾಲು ಹಿಂದೆ ಹಾಕುವ ಅವಸರದಲ್ಲಿ ಉಸಿರು ಮರೆತೇ ಹೋಗುತ್ತದೆ. ಮೂರು ದಿನ ಉಸಿರಿನ ಗೋಜಿಗೇ ಹೋಗಬೇಡಿ. ಕಾಲು ಕೈಗೆ ದಾರಿ ಗೊತ್ತಾಗಲಿ. ನಾಲ್ಕನೇ ದಿನದಿಂದ ಉಸಿರು ಸೇರಿಸಿ. ಆಮೇಲೆ ನೋಡಿ, ಉಸಿರು ಮುಂದೆ ಹೋಗುತ್ತದೆ, ಮೈ ಅದರ ಹಿಂದೆ ಬರುತ್ತದೆ. ಆ ದಿನದ ಖುಷಿಯೇ ಬೇರೆ.

ಬಿ.ಪಿ. ನಿಯಂತ್ರಣದಲ್ಲಿ ಇಲ್ಲದವರು, ಗ್ಲಾಕೋಮಾ ಇರುವವರು ತಲೆ ಕೆಳಗಾಗುವ ಭಂಗಿ ಮಾಡಬಾರದು. ಡಿಸ್ಕ್ ಜಾರಿದವರು ಮುಂದೆ ಬಗ್ಗುವುದನ್ನು ಬಿಡಿ. ಇವರಿಗೆ ನೇರ ನಿಲ್ಲುವ ತಾಡಾಸನ, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ, ಕುರ್ಚಿಯಲ್ಲಿ ಕೂತು ಕೈ ಎತ್ತುವುದು ಸಾಕು. ಪತಂಜಲಿಗಳ ಯೋಗಸೂತ್ರದಲ್ಲಿ ಆಸನಕ್ಕೆ ಕೊಟ್ಟ ವಿವರಣೆ ಎರಡೇ ಗುಣದ್ದು: ಸ್ಥಿರವಾಗಿರಬೇಕು, ಸುಖವಾಗಿರಬೇಕು. ಕಾಲು ನಡುಗುತ್ತಾ ಹಲ್ಲು ಕಚ್ಚಿ ನಿಂತರೆ ಎರಡೂ ಇಲ್ಲ ಅಲ್ವಾ?

ಕೊನೆಗೆ ಶವಾಸನ, ಐದು ನಿಮಿಷ. ದಯವಿಟ್ಟು ಇದನ್ನು ಬಿಡಬೇಡಿ. ಕಾಲು ಅಗಲಿಸಿ, ಅಂಗೈ ಮೇಲ್ಮುಖವಾಗಿ ಬಿಟ್ಟು ಮಲಗಿ. ಬೆನ್ನು ನೋವಿದ್ದರೆ ಮಂಡಿ ಕೆಳಗೆ ದಿಂಬು ಇಡಿ. ಏಳುವಾಗ ನೇರ ಏಳಬೇಡಿ. ಬಲ ಮಗ್ಗುಲಿಗೆ ಹೊರಳಿ, ಕೈ ಊರಿ, ನಿಧಾನಕ್ಕೆ ಏಳಿ.

ಉಸಿರು: 7 ನಿಮಿಷ

ಹಠಯೋಗ ಪ್ರದೀಪಿಕೆ ಅನ್ನುವ ಹಳೆಯ ಯೋಗ ಗ್ರಂಥದಲ್ಲಿ ಒಂದು ಹೋಲಿಕೆ ಇದೆ. ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಪ್ರಾಣವನ್ನು, ಅಂದರೆ ಉಸಿರನ್ನು, ಮೆಲ್ಲ ಮೆಲ್ಲಗೆ ಪಳಗಿಸಬೇಕು, ಅವಸರ ಮಾಡಿದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ. ವಿಡಿಯೋ ನೋಡಿ ಮೊದಲ ದಿನವೇ ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಪ್ರಾಣಾಯಾಮ ಮಾಡುವವರನ್ನು ಕಂಡಾಗೆಲ್ಲ ನನಗೆ ಆ ಸಾಲು ನೆನಪಾಗುತ್ತದೆ. ಅವೆರಡನ್ನೂ ಗುರುಗಳ ಹತ್ತಿರವೇ ಕಲಿಯಿರಿ. ಮನೆಯಲ್ಲಿ ಸ್ವಂತ ಶುರು ಮಾಡಲು ನಾಡಿಶುದ್ಧಿ ಮತ್ತು ಭ್ರಾಮರಿ ಸಾಕು.

ನಾಡಿಶುದ್ಧಿಗೆ ಬೆನ್ನು ನೇರ ಇಟ್ಟು ಕೂರಿ. ಚಕ್ಕಳ ಮಕ್ಕಳ ಆಗದಿದ್ದರೆ ಕುರ್ಚಿ ಇದೆ. ಬಲಗೈ ತೋರುಬೆರಳು, ನಡುಬೆರಳು ಮಡಚಿ. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ. ಎಡದಿಂದ ಉಸಿರು ಒಳಗೆ, ನಾಲ್ಕು ಎಣಿಸಿ. ಉಂಗುರ ಬೆರಳಿನಿಂದ ಎಡ ಮುಚ್ಚಿ, ಬಲ ಬಿಟ್ಟು, ಬಲದಿಂದ ಹೊರಗೆ, ಆರು ಎಣಿಸಿ. ಈಗ ಬಲದಿಂದಲೇ ಒಳಗೆ, ಎಡದಿಂದ ಹೊರಗೆ. ಇದು ಒಂದು ಸುತ್ತು. ಇಂಥ ಆರು ಸುತ್ತು. ನಡುವೆ ಉಸಿರು ಕಟ್ಟಬೇಡಿ. ಹೊಳ್ಳೆಯನ್ನು ಒತ್ತಿ ಚಪ್ಪಟೆ ಮಾಡುವುದು ಬೇಡ, ಬೆರಳು ಮುಟ್ಟಿದರೆ ಸಾಕು. ಉಸಿರಿನ ಸದ್ದು ನಿಮಗೇ ಕೇಳುತ್ತಿದ್ದರೆ ಇನ್ನೂ ಮೆಲ್ಲಗೆ ಮಾಡಿ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಇವತ್ತು ರಜೆ.

ಭ್ರಾಮರಿ ಇನ್ನೂ ಸುಲಭ. ಕಣ್ಣು ಮುಚ್ಚಿ, ಹೆಬ್ಬೆರಳಿಂದ ಕಿವಿ ಮೆಲ್ಲಗೆ ಮುಚ್ಚಿ, ಉಸಿರು ಬಿಡುತ್ತಾ ದುಂಬಿಯ ಹಾಗೆ ಮ್‌ಮ್‌ಮ್ ಅನ್ನಿ. ಐದು ಸಲ. ಸದ್ದು ತಲೆಬುರುಡೆಯೊಳಗೆ ನಡುಗುವುದು ನಿಮಗೇ ಗೊತ್ತಾಗುತ್ತದೆ. ಹಗಲಲ್ಲಿ ಯಾರ ಮೇಲಾದರೂ ಸಿಟ್ಟು ಬಂದು ತಲೆ ಕಾದಾಗ ಕೂಡ ಇದನ್ನು ಮಾಡಬಹುದು.

ಎಣ್ಣೆ ಸ್ನಾನ

ನನಗೆ ಇಡೀ ದಿನಚರಿಯಲ್ಲಿ ಹೆಚ್ಚು ಇಷ್ಟದ ಭಾಗ ಇದು. ದೀಪಾವಳಿಗೆ, ಯುಗಾದಿಗೆ ನಮ್ಮ ಮನೆಗಳಲ್ಲಿ ಅಭ್ಯಂಜನ ಇದ್ದೇ ಇರುತ್ತದೆ. ಅಷ್ಟಾಂಗ ಹೃದಯದಲ್ಲಿ ಅಭ್ಯಂಗ, ಅಂದರೆ ಮೈಗೆ ಎಣ್ಣೆ ತಿಕ್ಕುವುದು, ದಿನಾ ಮಾಡಿ ಅಂತಲೇ ಇದೆ. ಮುಪ್ಪು, ದಣಿವು, ವಾತ ಈ ಮೂರನ್ನೂ ಕಳೆಯುತ್ತದೆ ಅಂತ ಅಲ್ಲಿ ಬರೆದಿದೆ. ದಿನಾ ಆಗದವರಿಗೆ ತಲೆ, ಕಿವಿ, ಪಾದಕ್ಕೆ ಮಾತ್ರ ಹಚ್ಚಿಕೊಳ್ಳುವ ದಾರಿ ಇದೆ. ಈ ಮೂರು ಜಾಗಕ್ಕೆ ವಿಶೇಷವಾಗಿ ಹಚ್ಚಿ ಅಂತ ವಾಗ್ಭಟರೇ ಹೇಳಿದ್ದಾರೆ. ಹಾಗಾಗಿ ದಿನಾ ಆ ಮೂರು, ವಾರಕ್ಕೊಮ್ಮೆ ಇಡೀ ಮೈ. ಈ ಲೆಕ್ಕ ಕೆಲಸಕ್ಕೆ ಹೋಗುವವರಿಗೂ ಹೊಂದುತ್ತದೆ.

ಎಣ್ಣೆ ಯಾವುದು? ಸಾಮಾನ್ಯವಾಗಿ ಎಳ್ಳೆಣ್ಣೆ. ಅದು ಉಷ್ಣ ಗುಣದ್ದು. ಮೈ ಬೇಗ ಕಾವೇರುವವರಿಗೆ, ಬೇಸಿಗೆಗೆ ಕೊಬ್ಬರಿ ಎಣ್ಣೆ ಹಿತ. ಮೊದಲ ಸಲ ಆದರೆ ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ ಬಿಡಿ. ತುರಿಕೆ, ಕೆಂಪು ಇಲ್ಲ ಅಂದರೆ ಮುಂದುವರಿಸಿ. ಎಳ್ಳಿನ ಅಲರ್ಜಿ ಇರುವವರು ಎಳ್ಳೆಣ್ಣೆ ಮುಟ್ಟಬೇಡಿ.

ಎಣ್ಣೆಯನ್ನು ನೇರ ಒಲೆ ಮೇಲೆ ಕಾಯಿಸಬೇಡಿ. ಒಂದು ಪಾತ್ರೆಯಲ್ಲಿ ಬಿಸಿನೀರು, ಅದರೊಳಗೆ ಎಣ್ಣೆಯ ಬಟ್ಟಲು. ಐದು ನಿಮಿಷಕ್ಕೆ ಬೆಚ್ಚಗಾಗುತ್ತದೆ. ಮಣಿಕಟ್ಟಿನ ಮೇಲೆ ಒಂದು ತೊಟ್ಟು ಹಾಕಿ ನೋಡಿ. ಹಿತ ಅನ್ನಿಸಬೇಕು, ಚುರ್ ಅನ್ನಬಾರದು. ಇಡೀ ಮೈಗೆ ಮೂರು ನಾಲ್ಕು ದೊಡ್ಡ ಚಮಚ ಸಾಕು.

ನೆತ್ತಿಯಿಂದ ಶುರು ಮಾಡಿ. ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ನೆತ್ತಿಗೆ ಒತ್ತಿ, ಆಮೇಲೆ ಬೆರಳ ತುದಿಯಿಂದ ಕೂದಲ ಬುಡ ತಿಕ್ಕಿ. ಉಗುರು ತಾಗಬಾರದು. ಕಿವಿಯ ಹಾಲೆ, ಕಿವಿಯ ಹಿಂಭಾಗ. ಕಿವಿಯೊಳಗೆ ಎಣ್ಣೆ ಹುಯ್ಯುವುದು ಬೇಡ, ತಮಟೆಯಲ್ಲಿ ತೂತು ಇದ್ದರೆ ಅಪಾಯ. ಕೈ ಕಾಲಿನ ಉದ್ದ ಮೂಳೆ ಇರುವ ಕಡೆ ಉದ್ದಕ್ಕೆ ತಿಕ್ಕಿ. ಕೀಲು ಇರುವ ಕಡೆ ದುಂಡಗೆ ತಿಕ್ಕಿ. ಭುಜ ದುಂಡಗೆ, ತೋಳು ಉದ್ದ, ಮೊಣಕೈ ದುಂಡಗೆ. ಹೀಗೆ ಲೆಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಹಗುರವಾಗಿ. ದೊಡ್ಡ ಕರುಳು ಸಾಗುವ ದಿಕ್ಕೂ ಅದೇ. ಕೊನೆಗೆ ಪಾದ. ಪ್ರತಿ ಬೆರಳನ್ನೂ ಹಿಡಿದು ಮೆಲ್ಲಗೆ ಎಳೆಯಿರಿ. ಬೆರಳ ಸಂದಿಯನ್ನು ಮರೆಯಬೇಡಿ.

ಹದಿನೈದು ಇಪ್ಪತ್ತು ನಿಮಿಷ ಎಣ್ಣೆ ಮೈಯಲ್ಲಿರಲಿ. ಆಮೇಲೆ ಸ್ನಾನ. ಇಲ್ಲಿ ಒಂದು ಮುಖ್ಯ ವಿಷಯ. ಬಿಸಿನೀರು ಕತ್ತಿನ ಕೆಳಗೆ ಬಲ ಕೊಡುತ್ತದೆ, ಅದೇ ಬಿಸಿನೀರು ತಲೆಗೆ ಹುಯ್ದರೆ ಕೂದಲಿಗೂ ಕಣ್ಣಿಗೂ ಕೆಡುಕು ಅಂತ ಅಷ್ಟಾಂಗ ಹೃದಯದಲ್ಲಿದೆ. ಹಾಗಾಗಿ ತಲೆಗೆ ಉಗುರುಬೆಚ್ಚಗಿನ ನೀರು, ಮೈಗೆ ಬಿಸಿ. ಎಣ್ಣೆ ತೆಗೆಯಲು ಸೋಪಿಗಿಂತ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು ಒಳ್ಳೆಯದು. ಒಣಹಿಟ್ಟನ್ನು ಎಣ್ಣೆ ಮೈ ಮೇಲೆ ಉಜ್ಜಿ, ಎಣ್ಣೆ ಹೀರಿದ ಮೇಲೆ ನೀರು ಹಾಕಿ. ತಲೆಗೆ ಸೀಗೆಪುಡಿ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಿ, ಸೀಗೆ ಕಣ್ಣಿಗೆ ಹೋದರೆ ಆ ಉರಿ ಎಷ್ಟು ಅಂತ ಚಿಕ್ಕವರಿದ್ದಾಗ ಅನುಭವಿಸಿದವರಿಗೆ ಗೊತ್ತು.

ಬಚ್ಚಲು ಜಾರುತ್ತದೆ. ಇದನ್ನು ಎರಡು ಸಲ ಓದಿ. ನಾನು ಒಮ್ಮೆ ಎಣ್ಣೆ ಪಾದದಲ್ಲಿ ಬಾಗಿಲು ದಾಟಲು ಹೋಗಿ ಮೊಣಕೈ ಊದಿಸಿಕೊಂಡು ಮೂರು ವಾರ ಆಸನ ಬಿಟ್ಟಿದ್ದೇನೆ. ಈಗ ಬಚ್ಚಲೊಳಗೇ ಹಳೇ ಟವಲ್ ಹಾಸಿ, ಸ್ಟೂಲ್ ಮೇಲೆ ಕೂತು ಹಚ್ಚಿಕೊಳ್ಳುತ್ತೇನೆ. ಸ್ನಾನ ಆದಮೇಲೆ ನೆಲಕ್ಕೂ ಒಂದು ಹಿಡಿ ಕಡಲೆಹಿಟ್ಟು ಹಾಕಿ ಉಜ್ಜಿ ತೊಳೆಯಿರಿ. ನಿಮ್ಮ ನಂತರ ಹೋಗುವವರು ವಯಸ್ಸಾದವರಾಗಿರಬಹುದು.

ಜ್ವರ, ನೆಗಡಿ ಕಫ, ಅಜೀರ್ಣ ಇದ್ದರೆ ಅಭ್ಯಂಗ ಬೇಡ. ಊಟವಾದ ಕೂಡಲೇ ಬೇಡ. ಗಾಯ, ಊತ, ಚರ್ಮದ ಸೋಂಕು ಇರುವ ಜಾಗ ಬಿಡಿ. ಕಾಲಿನ ಮೀನಖಂಡ ಒಂದೇ ಕಡೆ ಊದಿಕೊಂಡು ನೋಯುತ್ತಿದ್ದರೆ ತಿಕ್ಕಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ವೈದ್ಯರಿಗೆ ತೋರಿಸಿ.

ಊಟ

ಅರ್ಧದ ಲೆಕ್ಕ ಇಲ್ಲೂ ಬರುತ್ತದೆ. ಹೊಟ್ಟೆಯನ್ನು ನಾಲ್ಕು ಪಾಲು ಅಂದುಕೊಳ್ಳಿ. ಎರಡು ಪಾಲು ಗಟ್ಟಿ ಆಹಾರ, ಒಂದು ಪಾಲು ನೀರು ಮಜ್ಜಿಗೆಯಂಥದ್ದು, ಒಂದು ಪಾಲು ಖಾಲಿ, ಗಾಳಿ ಆಡಲು. ಮಿಕ್ಸಿ ಜಾರನ್ನು ಕಂಠಪೂರ್ತಿ ತುಂಬಿದರೆ ಅರೆಯುತ್ತದಾ? ಹೊಟ್ಟೆಯೂ ಹಾಗೇ. ಎರಡನೇ ಸಲ ಬಡಿಸಿಕೊಳ್ಳುವ ಮುಂಚೆ ಎರಡು ನಿಮಿಷ ಸುಮ್ನೆ ಕೂತಿರಿ. ಬಹಳ ಸಲ ಬೇಡ ಅನ್ನಿಸುತ್ತದೆ.

ಮಧ್ಯಾಹ್ನದ ಊಟ ದೊಡ್ಡದಿರಲಿ, ರಾತ್ರಿಯದು ಹಗುರ ಇರಲಿ. ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಊಟ ಮುಗಿದಿರಲಿ. ರಾತ್ರಿ ಮೊಸರು ಬೇಡ, ಮೊಸರನ್ನು ಬಿಸಿ ಮಾಡಬೇಡಿ ಅಂತ ಆಯುರ್ವೇದ ಹೇಳುತ್ತದೆ. ಮಧ್ಯಾಹ್ನ ನೀರು ಮಜ್ಜಿಗೆಗೆ ಚೂರು ಶುಂಠಿ, ಉಪ್ಪು ಹಾಕಿ ಕುಡಿಯಿರಿ. ಬಿ.ಪಿ. ಇದ್ದರೆ ಉಪ್ಪು ಬಿಡಿ.

ಊಟವಾದ ಮೇಲೆ ನೂರು ಹೆಜ್ಜೆ. ಹಳೆಯ ಮಾತೇ ಅದು, ಶತಪದ. ಹತ್ತು ನಿಮಿಷ ನಡೆದರೆ ಇನ್ನೂ ಒಳ್ಳೆಯದು. ಊಟದ ನಂತರ ನಡೆದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದು ತಗ್ಗುತ್ತದೆ. ಬಿರುಸಾಗಿ ಬೇಡ, ಮಾತಾಡುತ್ತಾ ನಡೆಯುವಷ್ಟು. ಮಂಡಿ ನೋವಿಲ್ಲದವರು ಐದು ನಿಮಿಷ ವಜ್ರಾಸನದಲ್ಲಿ, ಅಂದರೆ ಮಂಡಿ ಮಡಚಿ ಹಿಮ್ಮಡಿ ಮೇಲೆ, ಕೂರಬಹುದು. ಊಟದ ಮೇಲೆ ಮಾಡಬಹುದಾದ ಆಸನ ಇದು.

ಹಗಲು ನಿದ್ದೆ? ಬೇಸಿಗೆಯಲ್ಲಿ ಮಾತ್ರ ಗ್ರಂಥ ಒಪ್ಪುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯವರಿಗೆ ಈ ನಿಯಮ ಇಲ್ಲ.

ತಡೆಯಬಾರದ್ದು

ಇದಕ್ಕೆ ದುಡ್ಡು ಬೇಡ, ಚಾಪೆ ಬೇಡ, ಎಣ್ಣೆ ಬೇಡ. ಆದರೂ ಇದನ್ನೇ ನಾವು ದಿನವಿಡೀ ಮುರಿಯುತ್ತೇವೆ. ಆಯುರ್ವೇದ 13 ವೇಗಗಳನ್ನು, ಅಂದರೆ ಮೈಯ ಸಹಜ ಒತ್ತಡಗಳನ್ನು, ಹೆಸರಿಸುತ್ತದೆ. ಮೂತ್ರ, ಮಲ, ಹೂಸು, ಸೀನು, ಕೆಮ್ಮು, ಆಕಳಿಕೆ, ವಾಂತಿ, ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರು, ದಣಿದಾಗಿನ ಏದುಸಿರು, ವೀರ್ಯ. ಇವು ಬಂದಾಗ ಬಲವಂತವಾಗಿ ತಡೆಯಬೇಡಿ, ಬಾರದಿದ್ದಾಗ ಬಲವಂತವಾಗಿ ಬರಿಸಬೇಡಿ. ಮೀಟಿಂಗ್ ಮುಗಿಯಲಿ ಅಂತ, ಬಸ್ಸಿನಲ್ಲಿ ಶೌಚಾಲಯ ಇಲ್ಲ ಅಂತ ಎಷ್ಟು ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುತ್ತಾರೆ! ಬಾಯಾರಿಕೆ, ಮೂತ್ರ ಎರಡನ್ನೂ ಒಟ್ಟಿಗೆ ತಡೆದ ಹಾಗೆ. ಮೂತ್ರದ ಸೋಂಕಿಗೆ ಇದು ಹಾದಿ. ಹೊರಡುವ ಮುಂಚೆ, ತಲುಪಿದ ಕೂಡಲೇ, ಊಟಕ್ಕೆ ಮುಂಚೆ. ಈ ಮೂರು ಹೊತ್ತಿಗೆ ಹೋಗುವ ರೂಢಿ ಮಾಡಿಕೊಳ್ಳಿ. ಕಣ್ಣೀರನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದಾರೆ ನೋಡಿ. ಅಳು ಬಂದರೆ ಅತ್ತುಬಿಡಿ.

ಆ ಪಟ್ಟಿ ಇರುವ ಅಧ್ಯಾಯದಲ್ಲೇ ತಡೆಯಲೇಬೇಕಾದ್ದೂ ಇದೆ. ಲೋಭ, ಹೊಟ್ಟೆಕಿಚ್ಚು, ದ್ವೇಷ.

ಗಿಡಮೂಲಿಕೆ ವಿಷಯ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಯಾವ ಔಷಧವೂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಗಿಡಮೂಲಿಕೆ ಅಂದ ಮಾತ್ರಕ್ಕೆ ಅಡ್ಡ ಪರಿಣಾಮ ಇಲ್ಲ ಅನ್ನುವುದು ತಪ್ಪು. ಜೇಷ್ಠಮಧು ಜಾಸ್ತಿ ದಿನ ತಿಂದರೆ ಬಿ.ಪಿ. ಏರುತ್ತದೆ. ಅಶ್ವಗಂಧ ಬಸುರಿಯರಿಗೆ ಬೇಡ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ತಿನ್ನಬಾರದು. ಅಮೃತಬಳ್ಳಿ ಕಷಾಯ ಕುಡಿದು ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಸಮಯದಲ್ಲಿ ವೈದ್ಯರು ದಾಖಲಿಸಿದ್ದಾರೆ. ಅಡುಗೆಗೆ ಹಾಕುವ ಅರಿಶಿನ ಸರಿ, ಆದರೆ ರಕ್ತ ತೆಳು ಮಾಡುವ ಮಾತ್ರೆ ಇರುವವರು ಅರಿಶಿನದ ಕ್ಯಾಪ್ಸೂಲ್ ಸೇರಿಸಬಾರದು. ಲೋಹ, ಖನಿಜದಿಂದ ಮಾಡುವ ಭಸ್ಮ, ರಸೌಷಧಿಗಳಲ್ಲಿ ಪಾದರಸ, ಸೀಸ ಇರಬಹುದು. ಬಿಲ್ಲು, ಲೇಬಲ್ಲು ಇಲ್ಲದ ಪುಡಿ ಯಾರು ಕೊಟ್ಟರೂ ಬೇಡ ಅನ್ನಿ. ಬಿ.ಎ.ಎಂ.ಎಸ್. (ಆಯುರ್ವೇದ ವೈದ್ಯ ಪದವಿ) ಓದಿ ನೋಂದಣಿ ಆಗಿರುವ ವೈದ್ಯರಿಗೆ ನಾಡಿ ತೋರಿಸಿ, ನೀವು ತೆಗೆದುಕೊಳ್ಳುತ್ತಿರುವ ಇಂಗ್ಲಿಷ್ ಔಷಧದ ಚೀಟಿಯನ್ನೂ ತೋರಿಸಿ.

ರಾತ್ರಿ

ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ದೊಡ್ಡ ದೀಪ ಆರಿಸಿ, ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ. ದಿನವಿಡೀ ನಿಂತು ಕೆಲಸ ಮಾಡುವವರು ಗೋಡೆಗೆ ಕಾಲು ಚಾಚಿ ಐದು ನಿಮಿಷ ಮಲಗಿ. ಸೊಂಟದ ಕೆಳಗೆ ಮಡಚಿದ ಕಂಬಳಿ ಇಟ್ಟರೆ ಇನ್ನೂ ಹಿತ. ಗ್ಲಾಕೋಮಾ ಇದ್ದವರು ಇದನ್ನು ಬಿಡಿ.

ಆಮೇಲೆ ಪಾದ ತೊಳೆದು, ಒರೆಸಿ, ಹಾಸಿಗೆ ಅಂಚಿನಲ್ಲಿ ಕೂರಿ. ಬಟ್ಟಲಲ್ಲಿ ಅರ್ಧ ಚಮಚ ಎಣ್ಣೆ. ಎಡ ಪಾದವನ್ನು ಬಲ ತೊಡೆ ಮೇಲೆ ಇಟ್ಟುಕೊಳ್ಳಿ. ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಒತ್ತುತ್ತಾ ಹೋಗಿ. ಅಂಗಾಲಿನ ನಡುವಿನ ಗುಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹಿಮ್ಮಡಿ ಬಿರುಕಿಗೆ ಇನ್ನೊಂದು ತೊಟ್ಟು. ಕಾಲಿಗೆ ಎರಡು ನಿಮಿಷದಂತೆ ಸಾಕು. ಸಕ್ಕರೆ ಕಾಯಿಲೆ ಇರುವವರು ಬೆರಳ ಸಂದಿಗೆ ಎಣ್ಣೆ ಹಚ್ಚಬೇಡಿ, ತೇವ ಉಳಿದು ಸೋಂಕಾಗಬಹುದು. ಅದರ ಬದಲು ಆ ಹೊತ್ತಿನಲ್ಲಿ ಪಾದವನ್ನು ಬೆಳಕಿಗೆ ಹಿಡಿದು, ಗೊತ್ತಾಗದ ಗಾಯ, ಗುಳ್ಳೆ ಇದೆಯಾ ನೋಡಿಕೊಳ್ಳಿ. ಮನೆಯಲ್ಲಿ ಬಗ್ಗಲು ಆಗದ ಅಜ್ಜ ಅಜ್ಜಿ ಇದ್ದರೆ ಅವರ ಪಾದಕ್ಕೂ ನೀವೇ ಹಚ್ಚಿ.

ಹಳೇ ಹತ್ತಿ ಸಾಕ್ಸ್ ಹಾಕಿಕೊಂಡು ಮಲಗಿ, ಹಾಸಿಗೆಗೆ ಜಿಡ್ಡು ತಾಗುವುದಿಲ್ಲ. ರಾತ್ರಿ ನಡುವೆ ಎದ್ದರೆ ಮಾತ್ರ ಸಾಕ್ಸ್ ಬಿಚ್ಚಿ, ಅಂಗಾಲು ಒರೆಸಿ, ಆಮೇಲೆ ನೆಲಕ್ಕೆ ಕಾಲಿಡಿ.